ಒಟ್ಟು ತಾಲ್ಲೂಕಿನಲ್ಲಿ ಭಾರೀ ಮಳೆ

ರಾಜ್ಯದಲ್ಲಿ ಮಳೆಗೆ ಹೆಸರಾದ ಊರು ಆಗುಂಬೆ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ತಪ್ಪಂತೆ. ಮೊನ್ನೆ ಇಲಾಖೆಯೊಂದರ ಜಾಲತಾಣದಿಂದ ಶಿವಮೊಗ್ಗ ಜಿಲ್ಲೆಯ ಮಳೆ ಕೋಷ್ಟಕವನ್ನು ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಇಳಿಸಿಕೊಂಡು, ಎಲ್ಲಿ ಹೆಚ್ಚು ಮಳೆಯಾಗಿದೆ ಎಂದು ಕೇಳಿದೆ. ಜಿಲ್ಲೆಯಲ್ಲಿರುವುದು ಏಳು ತಾಲ್ಲೂಕು. ಮೊದಲ ಸ್ಥಾನ ಸಿಕ್ಕಿದ್ದು ಎಂಟನೆಯದಕ್ಕೆ. ಅದರ ಹೆಸರು ‘ಒಟ್ಟು’.

ತೀರ್ಥಹಳ್ಳಿ, ಹೊಸನಗರ, ಸಾಗರ ಮೂರನ್ನೂ ಗುಡ್ಡೆ ಹಾಕಿದರೂ ಒಟ್ಟಿನ ಮುಂದೆ ಏನೂ ಅಲ್ಲ. ಅಂಥ ಮಳೆಯಲ್ಲಿ ಅಲ್ಲಿಯ ಜನ ಅಡಿಕೆ ಹೇಗೆ ಒಣಗಿಸುತ್ತಾರೋ, ಶಾಲೆಗೆ ರಜೆ ಕೊಟ್ಟರೋ ಇಲ್ಲವೋ, ಶಾಸಕರು ದೋಣಿಯಲ್ಲಾದರೂ ಬಂದು ಹೋದರೋ! ಅಂದಹಾಗೆ, ಮಳೆಯ ಮಿಲಿಮೀಟರನ್ನು ತಾಲ್ಲೂಕುವಾರು ಕೂಡಿಸಿ ‘ಒಟ್ಟು’ ಬರೆಯುವುದೆಂದರೆ ಮದುವೆಗೆ ಬಂದವರ ವಯಸ್ಸನ್ನೆಲ್ಲ ಕೂಡಿಸಿ ಛತ್ರದ ಬಾಗಿಲಿಗೆ ಅಂಟಿಸಿದ ಹಾಗೆ. ಬೇಕಾದದ್ದು ಸರಾಸರಿ. ಆದರೆ ಕೋಷ್ಟಕವೆಂದ ಮೇಲೆ ಕೆಳಗೊಂದು ಒಟ್ಟು ಇರಲೇಬೇಕು, ಊಟದ ಕೊನೆಗೆ ಮಜ್ಜಿಗೆ ಇದ್ದಂತೆ.

ತಂತ್ರಾಂಶವನ್ನು ಬೈಯುವಂತಿಲ್ಲ. ಅದರ ಹೆಸರು ‘ಆರ್’. ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ, ರಾಬರ್ಟ್ ಜಂಟಲ್‌ಮನ್ ಎಂಬಿಬ್ಬರು ಶುರುಮಾಡಿದ್ದು, ಬಿಟ್ಟಿ ಸಿಗುತ್ತದೆ, ಜಾಲಪುಟದ ಕೋಷ್ಟಕವನ್ನು ಎರಡು ಸಾಲಿನ ಆಜ್ಞೆಗೆ ಎಳೆದು ತರುತ್ತದೆ. ಸಾಲಿಗೊಂದು ತಾಲ್ಲೂಕು, ಕಾಲಮ್ಮಿಗೊಂದು ಸಂಗತಿ ಎಂದು ನಂಬಿಕೊಂಡ ಪಾಪದ ಪ್ರಾಣಿ. ನಮ್ಮ ಕಚೇರಿಗಳಲ್ಲಿ ಕೋಷ್ಟಕವೆಂದರೆ ರಂಗೋಲಿ. ಮೂರು ಮನೆ ಸೇರಿಸಿ ಒಂದು ಶೀರ್ಷಿಕೆ, ಅದರೊಳಗೆ ಎರಡು ಉಪಶೀರ್ಷಿಕೆ, ತುದಿಯಲ್ಲಿ ಷರಾ. ಅಂಕಿ ಬಾರದ ಕಡೆ ಒಂದು ಸಾಲಿನಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ‘ಇಲ್ಲ’, ಮತ್ತೊಂದರಲ್ಲಿ ‘ವರದಿ ಬಂದಿಲ್ಲ’. ಅಂಕಿಗಳ ನಡುವೆ ಒಂದೇ ಒಂದು ‘ಇಲ್ಲ’ ಕುಳಿತಿದ್ದರೂ ಸಾಕು, ಇಡೀ ಕಾಲಮ್ಮು ಅಕ್ಷರಗಳ ಸಾಲು ಎಂದು ‘ಆರ್’ ತೀರ್ಮಾನಿಸುತ್ತದೆ. ಕೂಡು ಎಂದರೆ ಕೂಡುವುದಿಲ್ಲ. ಬಿತ್ತನೆಯ ಕೋಷ್ಟಕದಲ್ಲಿ 1,23,456 ಹೆಕ್ಟೇರ್ ಕಂಡರೂ ಅಲ್ಪವಿರಾಮಕ್ಕೆ ಬೆದರಿ ಅದೇ ಹಟ.

ಹೆಸರುಗಳ ಕಥೆ ಬೇರೆ. 2014ರ ನವೆಂಬರ್ 1ರಂದು ನಮ್ಮ 12 ಊರುಗಳ ಹೆಸರು ಬದಲಾಯಿತು. ಸಂತೋಷ. ಆದರೆ ಒಂದು ಪುಟದಲ್ಲಿ ಗುಲ್ಬರ್ಗ, ಇನ್ನೊಂದರಲ್ಲಿ ಕಲಬುರಗಿ. ಯಂತ್ರದ ಪಾಲಿಗೆ ಅವು ಎರಡು ಜಿಲ್ಲೆಗಳು. ‘ಕಲಬುರಗಿ’ಯ ಬಾಲಕ್ಕೆ ಗುಮಾಸ್ತರ ಹೆಬ್ಬೆರಳು ತಾಗಿ ಖಾಲಿ ಜಾಗವೊಂದು ಅಂಟಿಕೊಂಡಿದ್ದರೆ ಮೂರು. 2025ರಲ್ಲಿ ರಾಮನಗರ ಜಿಲ್ಲೆ ‘ಬೆಂಗಳೂರು ದಕ್ಷಿಣ’ವಾಯಿತು, ಬೆಂಗಳೂರು ದಕ್ಷಿಣ ಎಂಬ ತಾಲ್ಲೂಕು ಮೊದಲೇ ಇತ್ತು, ಲೋಕಸಭಾ ಕ್ಷೇತ್ರವೂ ಇತ್ತು. ಇನ್ನು ಮುಂದೆ ಈ ಕೋಷ್ಟಕಗಳನ್ನು ಜೋಡಿಸುವವರನ್ನು ದೇವರು ಕಾಯಬೇಕು.

ಕೆಲವು ಕಚೇರಿಗಳು ನಮಗೆ ಇಷ್ಟು ತೊಂದರೆಯನ್ನೂ ಕೊಡುವುದಿಲ್ಲ. ಎಕ್ಸೆಲ್‌ನಲ್ಲಿ ಅಚ್ಚುಕಟ್ಟಾಗಿ ತುಂಬಿದ್ದನ್ನು ಮುದ್ರಿಸಿ, ಸಹಿ ಹಾಕಿಸಿ, ಮೊಹರು ಒತ್ತಿ, ಕೊಂಚ ಓರೆಯಾಗಿ ಸ್ಕ್ಯಾನ್ ಮಾಡಿ, ಪಿಡಿಎಫ್ ಎಂದು ಏರಿಸಿಬಿಡುತ್ತವೆ. ಶಿವಮೊಗ್ಗದ ದಿನವಾರು ಮಳೆಯ ಪಟ್ಟಿ ನನಗೆ ಸಿಕ್ಕಿದ್ದು ಈ ರೂಪದಲ್ಲೇ. ನೇರಳೆ ಮೊಹರು ಬಿದ್ದಿರುವುದು ಸರಿಯಾಗಿ ಸೊರಬ ತಾಲ್ಲೂಕಿನ ಅಂಕಿಯ ಮೇಲೆ. ಇದರಲ್ಲಿ ಅಚ್ಚರಿಯೇನಿಲ್ಲ, ಮತದಾರರ ಪಟ್ಟಿಯನ್ನೇ ಚಿತ್ರವಾಗಿ ಹಂಚುವ ದೇಶವಿದು. ಹುಡುಕಲು ಬರುವ ರೂಪದಲ್ಲಿ ಕೊಡಿಸಿ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವರೂ ಬರಿಗೈಯಲ್ಲಿ ಇಳಿದು ಬಂದರು.

ನಗುವಷ್ಟು ನಕ್ಕಾಯಿತು. ಮಲೆನಾಡಿನಲ್ಲಿ ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಇದೆ. ಪರಿಹಾರ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಕೊಳೆತ ಕಾಯಲ್ಲ, ಮಳೆಮಾಪಕದ ಅಂಕಿ. ಕಂತು ಕಟ್ಟಿದವನು ಆ ಅಂಕಿಯನ್ನು ತಾನೇ ತಾಳೆ ನೋಡಬಾರದೆ? ದಾಖಲೆಗಳನ್ನು ಗಣಕೀಕರಿಸಿ, ಕೇಳುವ ಮೊದಲೇ ಜನರ ಮುಂದಿಡಿ ಎಂದು ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳಿದ್ದು 2005ರಲ್ಲಿ. ಯಂತ್ರ ಓದಬಲ್ಲ ರೂಪದಲ್ಲಿ ಕೊಡಿ ಎಂದು ಕೇಂದ್ರದ ದತ್ತಾಂಶ ನೀತಿ ಹೇಳಿದ್ದು 2012ರಲ್ಲಿ. ಮೂಲ ಕಡತ ಅವರ ಗಣಕದಲ್ಲೇ ಇದೆ. ಅದನ್ನು ಹಾಗೇ ಏರಿಸಲು ಹಣ ಬೇಡ, ಹೊಸ ಹುದ್ದೆ ಬೇಡ. ಕೊಡುವ ಮನಸ್ಸಿಲ್ಲ, ಅಷ್ಟೇ. ಇದನ್ನು ಬರೆದು ಬರೆದು ಸಾಕಾಗಿದೆ.

ಕಚೇರಿಗೆ ಫೋನ್ ಮಾಡಿ ಆ ಮೂಲ ಕಡತವನ್ನೇ ಕೇಳಿದೆ. ‘‘ಅದರಲ್ಲಿ ಸಾಹೇಬರ ಸಹಿ ಇರುವುದಿಲ್ಲವಲ್ಲ ಸರ್’’ ಎಂದರು, ನನ್ನ ಮೇಲಿನ ಕಾಳಜಿಯಿಂದಲೇ.

ಕೊನೆಗೆ ಹೆಂಡತಿ ಓದಿದಳು, ನಾನು ಟೈಪ್ ಮಾಡಿದೆ. ಏಳು ತಾಲ್ಲೂಕು, 30 ದಿನ. ಮುಗಿದ ಮೇಲೆ ಕೂಡಿಸಿ ನೋಡಿದರೆ ನಮ್ಮ ಮೊತ್ತಕ್ಕೂ ಅವರ ಒಟ್ಟಿಗೂ ನಲವತ್ತು ಮಿಲಿಮೀಟರ್ ವ್ಯತ್ಯಾಸ. ಅವಳು ಕನ್ನಡಕ ತೆಗೆದು ಪರದೆಯ ಹತ್ತಿರ ಬಗ್ಗಿದಳು.

‘‘ಮೊಹರಿನ ಕೆಳಗಿದೆಯೇನೋ’’ ಎಂದಳು.