ವೆರೋನಾದ ಆ ಬಾಲ್ಕನಿ ಎಷ್ಟು ಹಳೆಯದು?

ಇಟಲಿಯ ವೆರೋನಾದ ಒಂದು ಕಲ್ಲಿನ ಬಾಲ್ಕನಿಯ ಫೋಟೋ ಆಗಾಗ ವಾಟ್ಸಾಪ್‌ನಲ್ಲಿ ಬರುತ್ತದೆ. ಜೂಲಿಯೆಟ್ ನಿಜವಾಗಿ ಇಲ್ಲೇ ನಿಂತು ರೋಮಿಯೋ ಜೊತೆ ಮಾತಾಡಿದ್ದಳು ಅನ್ನುವುದು ಅದರ ಸಾರಾಂಶ.

ಅದು ನಿಜವಲ್ಲ. ಜೂಲಿಯೆಟ್ ಕಥೆಯ ಪಾತ್ರ. ಮನೆ ಮಾತ್ರ ಹಳೆಯದೇ, ಮಧ್ಯಯುಗದ್ದು. ಬಾಲ್ಕನಿಯನ್ನು 20ನೇ ಶತಮಾನದಲ್ಲಿ, ಮನೆ ನವೀಕರಿಸುವಾಗ ಹಳೆಯ ಕಲ್ಲು ಬಳಸಿ ಕೂಡಿಸಿದರು. ಶೇಕ್ಸ್‌ಪಿಯರ್ ನಾಟಕ ಬರೆದದ್ದು 1590ರ ದಶಕದಲ್ಲಿ. ಲೆಕ್ಕ ಕೂಡುವುದಿಲ್ಲ, ಅಲ್ವಾ?

ಪರೀಕ್ಷಿಸುವುದು ಕಷ್ಟವೇನಲ್ಲ. ಆ ಮನೆಯ 1900ರ ಸುಮಾರಿನ ಫೋಟೋ ಹುಡುಕಿ, ಮುಂಭಾಗದಲ್ಲಿ ಬಾಲ್ಕನಿ ಇದೆಯಾ ನೋಡಿ. ಆಮೇಲೆ ಅಲ್ಲಿನ ಮ್ಯೂಸಿಯಂನ ವಿವರ ಓದಿ. ಫೋಟೋ ಅಸಲಿ ಇದ್ದ ಮಾತ್ರಕ್ಕೆ ಕೆಳಗಿನ ಬರಹ ಸರಿ ಅಂತೇನಿಲ್ಲ. ಹಂಚಿದವರ ತಪ್ಪೂ ಜಾಸ್ತಿ ಇಲ್ಲ, ಅಂಗಳದಲ್ಲಿ ಜೂಲಿಯೆಟ್ ಪ್ರತಿಮೆಯೇ ಇದೆ!

ನನ್ನ ಕೇಳಿದರೆ, ಅಲ್ಲಿ ನಿಜವಾದ ಅಚ್ಚರಿ ಅರೆನಾ. 1ನೇ ಶತಮಾನದ ರೋಮನ್ ಕ್ರೀಡಾಂಗಣ. 1117ರ ಭೂಕಂಪಕ್ಕೆ ಹೊರಗೋಡೆ ಬಹುಪಾಲು ಉರುಳಿತು. ಈಗ ಒಂದು ತುಂಡಷ್ಟೇ ನಿಂತಿದೆ, ಮೂರು ಅಂತಸ್ತು, ನಾಲ್ಕು ಕಮಾನು ಅಗಲ. ಗ್ಲಾಡಿಯೇಟರ್‌ಗಳು ಹೋರಾಡಿದ ಅದೇ ಜಾಗದಲ್ಲಿ 1984ರ ಜಿರೋ ಡಿ'ಇಟಾಲಿಯಾ ಸೈಕಲ್ ರೇಸ್ ಮುಗಿಯಿತು. ಮರುವರ್ಷ ಊರಿನ ಫುಟ್‌ಬಾಲ್ ತಂಡ ಹೆಲ್ಲಾಸ್ ವೆರೋನಾ ಇಟಲಿಯ ಲೀಗ್ ಗೆದ್ದಿತು.