ಸತ್ಯಾಂಶ: ‘ನಗುನಗುತ್ತಾ ಬೆರೆಯುವ ಮಕ್ಕಳಿಗೆ ಖಿನ್ನತೆ ಬರದು’ ನಿಜವೇ?

“ಮಕ್ಕಳಿಗೆ ಪಾಸಿಟಿವ್ ಆಗಿ ಯೋಚಿಸಲು, ನಾಲ್ಕು ಜನರ ಜೊತೆ ಬೆರೆಯಲು ಕಲಿಸಿ, ಖಿನ್ನತೆ ಹತ್ತಿರವೂ ಸುಳಿಯದು” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಸುತ್ತುತ್ತಿದೆ. ಅರ್ಧ ನಿಜ.

ಆಶಾವಾದಿ ಹದಿಹರೆಯದವರಲ್ಲಿ ಖಿನ್ನತೆಯ ಲಕ್ಷಣಗಳು ಸರಾಸರಿ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಸರಾಸರಿ ಎಂದರೆ ಖಾತ್ರಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದವರಲ್ಲಿ ಏಳಕ್ಕೆ ಒಬ್ಬರಿಗೆ ಮಾನಸಿಕ ಆರೋಗ್ಯದ ತೊಂದರೆಯಿದೆ. ಅನುವಂಶೀಯತೆ, ಹಿಂಸೆ, ಬಡತನ ಎಲ್ಲವೂ ಇದಕ್ಕೆ ಕಾರಣವಾಗಬಹುದು. ನಗುಮುಖ ಇವನ್ನು ಅಳಿಸದು.

ಇಷ್ಟಕ್ಕೂ ಆಶಾವಾದ ಎಂದರೆ ದುಃಖ ನುಂಗುವುದಲ್ಲ. 1985ರಲ್ಲಿ ಮನೋವಿಜ್ಞಾನಿಗಳಾದ ಶೈಯರ್ ಮತ್ತು ಕಾರ್ವರ್ ಅದನ್ನು ಅಳೆಯುವ ಪ್ರಶ್ನಾವಳಿ ರೂಪಿಸಿದಾಗ ಕೇಳಿದ್ದು, ಮುಂದೆ ಒಳ್ಳೆಯದಾದೀತು ಎಂಬ ನಿರೀಕ್ಷೆಯ ಬಗ್ಗೆ. ಪರೀಕ್ಷೆಯಲ್ಲಿ ಫೇಲಾದ ಹುಡುಗ ಅತ್ತು, ಆಮೇಲೆ “ಈ ಪಾಠ ಅರ್ಥವಾಗಿರಲಿಲ್ಲ, ಕೇಳಿ ಕಲಿಯುತ್ತೇನೆ” ಎಂದರೆ ಅದೂ ಆಶಾವಾದವೇ. “ಅಳಬೇಡ, ಪಾಸಿಟಿವ್ ಆಗಿರು” ಎಂದು ಗದರಿಸಿದರೆ ಅವನು ಕಲಿಯುವುದು ಮುಚ್ಚಿಡುವುದನ್ನು ಮಾತ್ರ.

ಸಾಮಾಜಿಕ ಕೌಶಲವೂ ಗೆಳೆಯರ ಎಣಿಕೆಯಲ್ಲ. ಸಹಾಯ ಕೇಳುವುದು, ‘ಬೇಡ’ ಎನ್ನುವುದು, ಜಗಳವಾದ ಮೇಲೆ ಮತ್ತೆ ಮಾತಾಡಿಸುವುದು ಕೌಶಲ. ಒಬ್ಬಳೇ ಆಪ್ತ ಗೆಳತಿಯಿರುವ ಮೌನಿ ಹುಡುಗಿಗೆ ಇವೆಲ್ಲ ಚೆನ್ನಾಗಿಯೇ ಬರಬಹುದು.

ಸಂದೇಶ ಬರೆದವರು ಮರೆತದ್ದು ಇನ್ನೊಂದಿದೆ: ಖಿನ್ನತೆಯೇ ಮಕ್ಕಳನ್ನು ಜನರಿಂದ ದೂರ ಸರಿಸುತ್ತದೆ, ಭರವಸೆ ಕುಂದಿಸುತ್ತದೆ. ಬೇಸರ, ನಿದ್ದೆಯ ಏರುಪೇರು, ಇಷ್ಟದ ಆಟದಲ್ಲೂ ನಿರಾಸಕ್ತಿ ಎರಡು ವಾರ ಬಿಡದಿದ್ದರೆ ವೈದ್ಯರನ್ನು ಕಾಣಬೇಕು. ಆತ್ಮಹತ್ಯೆಯ ಮಾತು ಬಂದರೆ ಕೂಡಲೇ.