ಶೇ 75 ಅಲ್ಲ, ಶೇ 35

ಸುವರ್ಣ ಅನುಪಾತದ (ಉದ್ದ ಅಗಲದ ಸುಮಾರು 1.618 ಪಟ್ಟು) ಬಗೆಗಿನ ನಿಮ್ಮ ಲೇಖನದಲ್ಲಿ ‘ಶೇ 75 ಜನ ಸುವರ್ಣ ಅನುಪಾತದ ಆಯತವನ್ನೇ ಮೆಚ್ಚುತ್ತಾರೆಂದು ಫೆಕ್ನರ್ 1876ರಲ್ಲೇ ತೋರಿಸಿದ’ ಅಂತ ಬರೆದಿದ್ದೀರಿ. ಜರ್ಮನ್ ಮನೋವಿಜ್ಞಾನಿ ಫೆಕ್ನರ್ ಹತ್ತು ಆಯತಗಳನ್ನಿಟ್ಟು ಇಷ್ಟವಾದದ್ದನ್ನು ಆರಿಸಲು ಜನರಿಗೆ ಹೇಳಿದ್ದ. ಸುವರ್ಣ ಅನುಪಾತದ್ದೊಂದನ್ನೇ ಆರಿಸಿದವರು ಸುಮಾರು ಶೇ 35. ಆಚೀಚಿನ ಎರಡು ಆಯತಗಳನ್ನೂ ಕೂಡಿಸಿದರೆ ಮಾತ್ರ 75 ಆಗುತ್ತೆ.

ಇದಕ್ಕಿಂತ ದೊಡ್ಡ ತೊಡಕು ಆಯತಗಳ ಆಯ್ಕೆಯಲ್ಲೇ ಇದೆ. ಅವನ ಹತ್ತು ಆಯತಗಳು ಚೌಕದಿಂದ 5:2ರವರೆಗೆ ಹರಡಿದ್ದವು, 1.618 ಹೆಚ್ಚುಕಡಿಮೆ ಆ ಹರವಿನ ನಡುವೆಯೇ ಬೀಳುತ್ತೆ. 1974ರಲ್ಲಿ ಗಾಡ್ಕೆವಿಚ್ ಎಂಬ ಸಂಶೋಧಕ ಹರವನ್ನೇ ಸರಿಸಿದಾಗ ಮೆಚ್ಚುಗೆಯೂ ಹೊಸ ನಡುವಿನತ್ತ ಸರಿಯಿತು. ಅಂದರೆ ಜನ ನಡುವಿನದನ್ನು ಆರಿಸಿದ್ದರು, ಅನುಪಾತವನ್ನಲ್ಲ.

ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಇದನ್ನು ಒಂದೇ ತರಗತಿಯಲ್ಲಿ ಪರೀಕ್ಷಿಸಬಹುದು. ಬಿಳಿ ರಟ್ಟಿನಲ್ಲಿ ಎಲ್ಲ ಆಯತಗಳನ್ನೂ 100 ಚದರ ಸೆಂ.ಮೀ.ಗೇ ಕತ್ತರಿಸಿ: 10×10, 12.2×8.2, 12.7×7.9, 14.1×7.1, ಹೀಗೆ. ವಿಸ್ತೀರ್ಣ ಬೇರೆಯಾದರೆ ಕೆಲವರು ಆಕಾರ ಬಿಟ್ಟು ಗಾತ್ರ ನೋಡಿ ಆರಿಸಿಬಿಡುತ್ತಾರೆ. ಒಂದು ಗುಂಪಿಗೆ ಉದ್ದ-ಅಗಲದ ಅನುಪಾತ 1ರಿಂದ 2.5, ಇನ್ನೊಂದಕ್ಕೆ 1.5ರಿಂದ 3.5ರವರೆಗಿನ ಆಯತಗಳನ್ನು ಕೊಡಿ. ಪ್ರತಿ ವಿದ್ಯಾರ್ಥಿಗೂ ಕಲಸಿ ಹರಡಿ, ಒಬ್ಬೊಬ್ಬರನ್ನೇ ಕರೆದು ಕೇಳಿ; ಒಬ್ಬರ ಬೆರಳು ಹೋದ ಕಡೆಗೇ ಉಳಿದವರದ್ದೂ ಹೋಗುತ್ತೆ. ಸರಾಸರಿಯೊಂದನ್ನೇ ಬರೆದುಕೊಂಡು ಬಿಡಬೇಡಿ. ಒಬ್ಬೊಬ್ಬರ ಇಷ್ಟ ತಕ್ಕಮಟ್ಟಿಗೆ ಸ್ಥಿರ, ಆದರೆ ಒಬ್ಬರದು ಇನ್ನೊಬ್ಬರದಲ್ಲ ಎಂಬುದು 1980ರ ಮ್ಯಾಕ್‌ಮೇನಸ್ ಅಧ್ಯಯನದಲ್ಲಿ ಕಂಡ ಮುಖ್ಯ ಅಂಶ. ನಿಮ್ಮ ಲೇಖನ ಅದನ್ನು ಮುಟ್ಟಿಯೇ ಇಲ್ಲ.